ಕೆಂಪು ಬೊಟ್ಟಿನ ಮುಚ್ಚಳ

ಒಂದು ಜಾಗದ ನೀರಿಗೆ ಎರಡು ಬಾಟಲಿ. ಒಂದರಲ್ಲಿ ಗಂಧಕಾಮ್ಲದ ಕೆಲವು ಹನಿ ಇರಲೇಬೇಕು, ಇಲ್ಲದಿದ್ದರೆ ನೀರಿನಲ್ಲಿರುವ ಅಮೋನಿಯಾ ಲ್ಯಾಬು ಮುಟ್ಟುವಷ್ಟರಲ್ಲಿ ಬದಲಾಗಿಬಿಡುತ್ತದೆ. ಇನ್ನೊಂದಕ್ಕೆ ಏನೂ ಹಾಕುವಂತಿಲ್ಲ. ಅದರಲ್ಲಿರುವ ಸೂಕ್ಷ್ಮಜೀವಿಗಳು ಜೀವಂತವಾಗಿರಬೇಕು. ಅವನ್ನು ಮೂರು ದಿನ ಕತ್ತಲೆ ಪೆಟ್ಟಿಗೆಯಲ್ಲಿ ಹದವಾದ ಶಾಖದಲ್ಲಿಟ್ಟು, ಕೊಳೆ ತಿನ್ನುತ್ತಾ ಎಷ್ಟು ಆಮ್ಲಜನಕ ಖರ್ಚು ಮಾಡಿದವು ಎಂದು ಅಳೆಯುತ್ತೇವೆ. ಬಹಳ ಖರ್ಚಾಗಿದ್ದರೆ ನೀರು ಹೊಲಸು, ಸ್ವಲ್ಪವೇ ಆಗಿದ್ದರೆ ಚೊಕ್ಕಟ. ಇದಕ್ಕೆ ಬಿಒಡಿ ಎನ್ನುತ್ತಾರೆ. ದೇಶದ ಯಾವ ನದಿ ಸ್ವಚ್ಛ, ಯಾವುದು ಅಲ್ಲ ಎಂಬ ಸರ್ಕಾರದ ತೀರ್ಮಾನವೆಲ್ಲ ಕೊನೆಗೆ ಈ ಒಂದು ಸಂಖ್ಯೆಯ ಹತ್ತಿರ ಬಂದು ನಿಲ್ಲುತ್ತದೆ.

ಎರಡೂ ಬಿಳಿ ಪ್ಲಾಸ್ಟಿಕ್ ಬಾಟಲಿಗಳೇ. ನೋಡಲು ಅವಳಿ ಜವಳಿ. ಮೊದಲೆಲ್ಲ ಆಸಿಡ್ಡನ್ನು ನದಿ ದಂಡೆಯಲ್ಲೇ ಹಾಕುತ್ತಿದ್ದೆವು. ಒಮ್ಮೆ ಜೀಪು ಹಳ್ಳಕ್ಕೆ ಇಳಿದಾಗ ಸೀಸೆ ಒಡೆದು ನಮ್ಮ ಫೀಲ್ಡ್ ಸಹಾಯಕರ ಮುಂಗೈ ಸುಟ್ಟಿತು. ಅವರು ಬಿಹಾರದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು, ನದಿಯ ಬಗ್ಗೆ ನನಗಿಂತ ಹೆಚ್ಚು ತಿಳಿದವರು. ಆ ಗಾಯ ನೋಡಿದ ಮೇಲೆ ನಾನೇ ಒಂದು ಪದ್ಧತಿ ತಂದೆ: ಹಿಂದಿನ ಸಂಜೆಯೇ ಲ್ಯಾಬಿನಲ್ಲಿ ಅಳೆದು ಆಸಿಡ್ ಹಾಕಿಡುವುದು, ಅಂಥ ಬಾಟಲಿಯ ಮುಚ್ಚಳಕ್ಕೆ ಕೆಂಪು ನೇಲ್ ಪಾಲಿಶಿನ ಬೊಟ್ಟು ಇಡುವುದು. ಬಾಟಲಿಗಳನ್ನು ಇಟ್ಟು ತರುವ ಐಸ್ ಕರಗಿದ ನೀರಿಗೆ ಅವುಗಳ ಮೇಲಿನ ಚೀಟಿಗಳು ಕಿತ್ತುಹೋಗುತ್ತಿದ್ದವು, ಬೊಟ್ಟು ಹೋಗುತ್ತಿರಲಿಲ್ಲ. ನೇಲ್ ಪಾಲಿಶ್ ನನ್ನ ಮಗಳದ್ದು. ಆಫೀಸಿನಲ್ಲಿ ಎಲ್ಲರೂ ಮೆಚ್ಚಿದರು, ಬೇರೆ ತಂಡದವರೂ ಅನುಸರಿಸಿದರು. ನನಗೂ ಒಳಗೊಳಗೇ ಹೆಮ್ಮೆಯಿತ್ತು, ಇಲ್ಲವೆನ್ನಲಾರೆ.

ಬೊಟ್ಟಿನ ಜೊತೆಗೆ ಒಂದು ನಿಯಮವನ್ನೂ ಮಾಡಿದ್ದೆ. ಒಂದು ಮುಚ್ಚಳ ತೆಗೆ, ತುಂಬು, ಮುಚ್ಚು. ಆಮೇಲೆ ಇನ್ನೊಂದಕ್ಕೆ ಕೈಹಾಕು.

ಆ ಜನವರಿಯಲ್ಲಿ ನದಿ ನೀರು ಪರೀಕ್ಷಿಸುವ ನಮ್ಮ ಸರ್ಕಾರಿ ಇಲಾಖೆಗೆ ಬಂದ ಕೆಲಸ ಹೀಗಿತ್ತು. ದಿಲ್ಲಿಯ ಮೇಲ್ಭಾಗದಲ್ಲಿ, ಯಮುನೆ ಇನ್ನೂ ನದಿಯಂತೆ ಕಾಣುವ ಕಡೆ, ಒಂದು ಕೊಳಚೆ ಕಾಲುವೆ ಬಂದು ಸೇರುತ್ತದೆ. ದಿಲ್ಲಿಯವರು ನಾಲಾ ಎನ್ನುತ್ತಾರೆ. ಅದರ ಬಾಯಿಗೆ ಗೇಟಿದೆ. ಗೇಟು ಹಾಕಿ ಕೊಳಚೆಯನ್ನು ಒಂದು ಶುದ್ಧೀಕರಣ ಘಟಕಕ್ಕೆ ತಿರುಗಿಸಿದ್ದರು. ಆ ಘಟಕ ರಿಪೇರಿಗೆ ಬಂದಿತ್ತು. ರಿಪೇರಿ ಮುಗಿಯುವ ತನಕ ನಾಲ್ಕು ತಿಂಗಳು ಗೇಟು ತೆರೆದಿಡಲು ಅನುಮತಿ ಕೊಡಿ, ನದಿಗೆ ಅಷ್ಟನ್ನು ತಾಳಿಕೊಳ್ಳುವ ಶಕ್ತಿಯಿದೆ ಎಂದು ಘಟಕದವರು ಅರ್ಜಿ ಹಾಕಿದ್ದರು. ಶಕ್ತಿ ಇದೆಯೋ ಇಲ್ಲವೋ ನೋಡಿ ಹೇಳಬೇಕಾದವಳು ನಾನು. ನಾಲಾ ಸೇರುವ ಜಾಗದಿಂದ ಕೆಳಗೆ ಸ್ವಲ್ಪ ದೂರದಲ್ಲೇ ಉತ್ತರ ದಿಲ್ಲಿಗೆ ಕುಡಿಯುವ ನೀರು ಎತ್ತುತ್ತಾರೆ. ನೀರಿನಲ್ಲಿ ಕೊಳೆ ಹೆಚ್ಚಾದಷ್ಟೂ ಹಾಕಿದ ಕ್ಲೋರಿನ್ ಆ ಕೊಳೆಯ ಮೇಲೇ ಮುಗಿದುಹೋಗುತ್ತದೆ, ರೋಗಾಣು ಉಳಿದುಕೊಳ್ಳುತ್ತದೆ. ಪೀತಮ್‌ಪುರದ ನಮ್ಮ ಮನೆಯ ನಲ್ಲಿಗೂ ಬರುವುದು ಅದೇ ನೀರು.

ಮಂಗಳವಾರ ಬೆಳಿಗ್ಗೆ ಹೊರಟೆವು. ಮಂಜು ಎಷ್ಟಿತ್ತೆಂದರೆ ದಂಡೆಯಲ್ಲಿ ನಿಂತರೆ ಎದುರು ದಂಡೆ ಇರಲಿ, ನೀರೇ ಕಾಣುತ್ತಿರಲಿಲ್ಲ, ಸಪ್ಪಳ ಮಾತ್ರ. ನಾಲಾದ ಮೇಲ್ಗಡೆ ಮೊದಲ ಜಾಗ, ಕೆಳಗಡೆ ಎರಡನೆಯದು. ನೀರಿನ ಜೊತೆ ನಾನು ಹುಳುಗಳನ್ನೂ ನೋಡುತ್ತೇನೆ. ಕಲ್ಲುಗಳನ್ನು ಕಾಲಿನಿಂದ ಕದಡಿ, ತೇಲಿಬಂದದ್ದನ್ನು ಬಲೆಯಲ್ಲಿ ಹಿಡಿದು ಬಿಳಿ ತಟ್ಟೆಗೆ ಸುರಿಯುವುದು. ಚೊಕ್ಕ ನೀರಿನಲ್ಲಿ ಮೂರು ಬಾಲದ ಪುಟ್ಟ ಮರಿಹುಳುಗಳಿರುತ್ತವೆ. ಅವುಗಳಿಗೆ ಆಮ್ಲಜನಕ ಸ್ವಲ್ಪ ಕಡಿಮೆಯಾದರೂ ಸಹಿಸದು. ಹೊಲಸಿನಲ್ಲಿ ಉಳಿಯುವುದು ದಾರದಂಥ ಕೆಂಪು ಹುಳುಗಳು ಮಾತ್ರ.

ಮೇಲಿನ ಜಾಗದ ತಟ್ಟೆಯಲ್ಲಿ ಮೂರು ಬಾಲದವು ಧಾರಾಳವಾಗಿದ್ದವು. ಕೆಳಗಿನ ಜಾಗದ ತಟ್ಟೆಯಲ್ಲಿ ಬರೀ ಕೆಂಪು. ಮೂರು ಬಾಲದ್ದು ಒಂದೂ ಇಲ್ಲ. ಗೇಟು ಹಾಕಿದೆ ಎಂದು ಕಾಗದದಲ್ಲಿದೆ, ಹಾಗಿದ್ದರೆ ಇವು ಹೇಗೆ ಬಂದವು? ನಾನು ತಟ್ಟೆಯಿಂದ ಕಣ್ಣು ತೆಗೆಯಲಾಗದೆ ಹುಡುಕುತ್ತಲೇ ಇದ್ದೆ.

“ಮೇಡಂಜೀ, ಬಾಟಲಿ,” ಎಂದರು ಸಹಾಯಕರು ನೀರಿನಲ್ಲಿ ನಿಂತೇ. “ಕಾಲು ಸೆಟೆದುಹೋಗ್ತಿದೆ, ಜಲ್ದಿ.”

ಕೊಟ್ಟೆ. ಅವರು ತುಂಬಿದರು. ನಾನು ಮುಚ್ಚಿದೆ. ಕಣ್ಣು ತಟ್ಟೆಯಲ್ಲಿತ್ತು, ಕೈ ಬಾಟಲಿಯಲ್ಲಿತ್ತು.

ಶುಕ್ರವಾರ ಸಂಜೆ ಬಿಒಡಿ ಬಂತು. ಕೆಳಗಿನ ಜಾಗದ್ದು ಮಿತಿಯ ಒಳಗೆ, ಮೇಲಿನದಕ್ಕಿಂತಲೂ ಚೊಕ್ಕಟ. ಅಮೋನಿಯಾ ಅಳೆಯುವ ಯಂತ್ರ ಕೆಟ್ಟು ಕೂತಿದ್ದರಿಂದ ಅದರ ಫಲಿತಾಂಶ ಇರಲಿಲ್ಲ. ನಮ್ಮ ನಿರ್ದೇಶಕರಿಗೆ ಖುಷಿಯಾಯಿತು. ಮೈಸೂರು ಕಡೆಯವರು, ಸಾಧು ಮನುಷ್ಯ, ನಿವೃತ್ತಿಗೆ ಒಂದು ವರ್ಷವಿತ್ತು. ಸೋಮವಾರ ಮೂರು ಗಂಟೆಗೆ ಸಚಿವಾಲಯದಲ್ಲಿ ಸಭೆ, ಅಲ್ಲೇ ಅನುಮತಿಯ ತೀರ್ಮಾನ. ನನ್ನ ವರದಿಗಾಗಿಯೇ ಎಲ್ಲರೂ ಕಾದಿದ್ದರು.

“ಹುಳುಗಳ ಲೆಕ್ಕ ಹೊಂದಿಕೆ ಆಗ್ತಿಲ್ಲ ಸರ್,” ಎಂದೆ.

“ಚಳಿಗೆ ಎಲ್ಲಾದ್ರೂ ಅವಿತಿರ್ತವೆ ಬಿಡಮ್ಮ. ನಿಯಮದಲ್ಲಿ ಇರೋದು ಬಿಒಡಿ. ಹುಳ ಅಲ್ಲ.”

ಸಹಿ ಹಾಕಿದೆ. ಹುಳುಗಳ ವಿಷಯವನ್ನು ಕೊನೆಯ ಪುಟದ ಅಡಿಗೆ ಒಂದು ಸಾಲಿನಲ್ಲಿ ಸೇರಿಸಿದೆ. ಅಂಥ ಸಾಲನ್ನು ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೇ ಸೇರಿಸಿದ್ದು. ನಾನು ಹುಟ್ಟು ಪುಕ್ಕಲಿ.

ಭಾನುವಾರ ವರದಿಗೆ ಅಂಟಿಸಬೇಕಾದ ಫೋಟೋಗಳನ್ನು ಆರಿಸುತ್ತಾ ಊಟದ ಮೇಜಿನ ಹತ್ತಿರ ಕೂತಿದ್ದೆ. ಪ್ರತಿ ಜಾಗದಲ್ಲೂ ಫೋಟೋ ಕಡ್ಡಾಯ, ಜೀಪಿನ ಡ್ರೈವರ್ ತೆಗೆಯುತ್ತಾರೆ. ಕೆಳಗಿನ ಜಾಗದ ಎರಡನೆಯ ಫೋಟೋದಲ್ಲಿ ನಾನಿದ್ದೆ. ಜೀಪಿನ ಬಾನೆಟ್ ಮೇಲೆ ತುಂಬಿದ ಎರಡು ಬಾಟಲಿ, ಎರಡೂ ಬಾಯಿ ತೆರೆದಿವೆ. ನನ್ನ ಮುಖ ತಟ್ಟೆಯ ಕಡೆ. ಎಡಗೈ ಮುಷ್ಟಿಯಲ್ಲಿ ಎರಡು ಮುಚ್ಚಳ.

ಫೋಟೋ ದೊಡ್ಡದು ಮಾಡಿ ನೋಡಿದೆ, ಮತ್ತೆ ನೋಡಿದೆ. ಯಾವ ಬಾಟಲಿಗೆ ಯಾವ ಮುಚ್ಚಳ ಹಾಕಿದೆ? ನೆನಪಿಸಿಕೊಳ್ಳಲು ಹೋದರೆ ಕೆಂಪು ಹುಳುಗಳು ಮಾತ್ರ ನೆನಪಾಗುತ್ತಿದ್ದವು. ಆಸಿಡ್ ಇದ್ದ ಬಾಟಲಿಗೆ ಬೊಟ್ಟಿಲ್ಲದ ಮುಚ್ಚಳ ಬಿದ್ದಿದ್ದರೆ, ಲ್ಯಾಬಿನವರು ಅದನ್ನೇ ಬಿಒಡಿಗೆ ಇಟ್ಟಿರುತ್ತಾರೆ. ಆಸಿಡ್ಡಿನಲ್ಲಿ ಸೂಕ್ಷ್ಮಜೀವಿಗಳೆಲ್ಲ ಸತ್ತಿರುತ್ತವೆ. ಸತ್ತವು ಆಮ್ಲಜನಕ ತಿನ್ನುವುದಿಲ್ಲ. ನೀರು ಎಷ್ಟೇ ಕೊಳೆತಿರಲಿ, ಸಂಖ್ಯೆ ಚೊಕ್ಕಟವಾಗಿಯೇ ಬರುತ್ತದೆ.

“ಏನಾಯ್ತೇ? ಮುಖ ಯಾಕೆ ಹಾಗಾಯ್ತು?” ಎಂದರು ನಮ್ಮ ಮನೆಯವರು.

ಹೇಳಿದೆ. ಅವರು ಬ್ಯಾಂಕಿನವರು. ಸಹಿ ಎಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. “ಖಾತ್ರಿ ಇಲ್ಲದೆ ಬಾಯಿ ಬಿಡಬೇಡ. ಮೊದಲು ಖಾತ್ರಿ ಮಾಡ್ಕೋ,” ಎಂದರು. ಮಗಳು ಫೋನಿನಿಂದ ತಲೆ ಎತ್ತಿ, “ಅಮ್ಮಾ, ಟೆನ್ಶನ್ ಮತ್ ಲೋ, ನಮ್ಮನೇಲಿ ಫಿಲ್ಟರ್ ಇದೆ ನಾ?” ಎಂದಳು.

ನಮ್ಮಲ್ಲಿದೆ. ಕಟ್ಟಡದ ಕೆಳಗೆ ಬೇವಿನ ಮರದಡಿ ಇಸ್ತ್ರಿ ಮಾಡುವ ಹೆಂಗಸು ಗೇಟಿನ ಪಕ್ಕದ ನಲ್ಲಿಯಿಂದಲೇ ಕ್ಯಾನು ತುಂಬಿಕೊಳ್ಳುತ್ತಾಳೆ, ಹಾಗೇ ಕುಡಿಯುತ್ತಾಳೆ, ಮೊಮ್ಮಗುವಿಗೂ ಕುಡಿಸುತ್ತಾಳೆ. ಬಾಲ್ಕನಿಯಿಂದ ಅವಳನ್ನು ನೋಡುತ್ತಾ ನಿಂತೆ. ಅನ್ನ ಇಳಿಯಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಆಫೀಸು ಸೇರಿದೆ. ವರದಿ ಒಪ್ಪಿಗೆಯಾಗುವ ತನಕ ಉಳಿದ ನೀರನ್ನು ಕೋಲ್ಡ್ ರೂಮಿನಲ್ಲಿ ಇಟ್ಟಿರುತ್ತೇವೆ, ಆಮೇಲೆ ಸಿಂಕಿಗೆ ಸುರಿಯುತ್ತೇವೆ. ಕೆಳಗಿನ ಜಾಗದ ಬಾಟಲಿ ಮೂರನೆಯ ಸಾಲಿನಲ್ಲಿತ್ತು, ಬೊಟ್ಟಿಲ್ಲದ ಬಿಳಿ ಮುಚ್ಚಳ. ತೆರೆದು, ಆಮ್ಲವಿದ್ದರೆ ಕೆಂಪಾಗುವ ಪಿಎಚ್ ಕಾಗದದ ಒಂದು ಚೂರು ಅದ್ದಿದೆ. ನದಿಯ ನೀರಿಗೆ ಅದು ಹಸಿರಾಗಬೇಕು. ನೋಡನೋಡುತ್ತಿದ್ದಂತೆ ರಕ್ತದ ಬಣ್ಣಕ್ಕೆ ತಿರುಗಿತು. ಕೆಂಪು ಬೊಟ್ಟಿನ ಬಾಟಲಿಗೆ ಇನ್ನೊಂದು ಚೂರು ಅದ್ದಿದೆ. ಹಸಿರು.

ಬಿಒಡಿಗೆ ಇಡುವ ಮೊದಲು ಪಿಎಚ್ ನೋಡಬೇಕು ಎಂಬುದು ಪುಸ್ತಕದಲ್ಲಿದೆ. ಲ್ಯಾಬಿನವರು ಮೊದಲು ನೋಡುತ್ತಿದ್ದರು. ಬೊಟ್ಟು ಬಂದ ಮೇಲೆ ನೋಡುವುದನ್ನು ಬಿಟ್ಟಿದ್ದರು. ಬೊಟ್ಟಿನ ಮೇಲೆ ಅಷ್ಟು ನಂಬಿಕೆ, ಅಂದರೆ ನನ್ನ ಮೇಲೆ.

ಕೋಲ್ಡ್ ರೂಮಿನಲ್ಲಿ ನಾನೊಬ್ಬಳೇ. ಸಿಂಕು ಎರಡು ಹೆಜ್ಜೆ ದೂರದಲ್ಲಿತ್ತು. ಸುರಿದುಬಿಟ್ಟರೆ ಮುಗಿಯಿತು, ಪ್ರಪಂಚದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂತು. ಮುಚ್ಚಳ ತಿರುಗಿಸಲು ಕೈ ಕೂಡ ಹೋಯಿತು. ಹೊರಗೆ ಯಾರೋ ಬಾಗಿಲು ತೆರೆದ ಸದ್ದಿಗೆ ಬೆದರಿ ಬಾಟಲಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ. ಬಂದವರು ಕಸ ಗುಡಿಸುವವರು. ಅವರಿಗೆ ನಾನೇನು ಮಾಡುತ್ತಿದ್ದೆ ಎಂಬುದು ಬೇಕಾಗಿಯೂ ಇರಲಿಲ್ಲ.

ಹತ್ತೂವರೆಗೆ ನಿರ್ದೇಶಕರ ಕೋಣೆಗೆ ಹೋಗಿ ಎರಡೂ ಕಾಗದದ ಚೂರುಗಳನ್ನು ಮೇಜಿನ ಮೇಲಿಟ್ಟು ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು. ಆಫೀಸಿನಲ್ಲಿ ನಾವಿಬ್ಬರೂ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತಿದ್ದುದು, ಕನ್ನಡ ಬಾಗಿಲು ಹಾಕಿದಾಗ ಮಾತ್ರ. ಬೇರೆ ದಿನ ಅದು ಹಬ್ಬದ ಅಡುಗೆಯ ಮಾತೋ, ಊರಿನ ಮಾತೋ ಆಗಿರುತ್ತಿತ್ತು. ಅವತ್ತು ಅಂಥ ಮಾತಲ್ಲ ಎಂದು ಆ ಬಾಗಿಲ ಸದ್ದಿಗೇ ಗೊತ್ತಾಯಿತು.

“ಕೂತ್ಕೋಮ್ಮ. ಯಾರಿಗಾದ್ರೂ ಹೇಳಿದೀಯಾ?”

“ಇಲ್ಲ ಸರ್. ಮನೇಲಿ ಮಾತ್ರ.”

“ಒಳ್ಳೇದಾಯ್ತು. ಹಾವೂ ಸಾಯಬೇಕು, ಕೋಲೂ ಮುರಿಬಾರದು. ‘ಇನ್ನೊಂದು ಸಲ ಖಚಿತಪಡಿಸಿಕೊಳ್ತೇವೆ’ ಅಂತ ಒಂದು ಸಾಲು ಕಳಿಸೋಣ. ತಪ್ಪು ಗಿಪ್ಪು ಅನ್ನೋ ಮಾತು ಬೇಡ.”

ನನಗೂ ಅದೇ ಬೇಕಿತ್ತು. ಅವರೇ ಸಚಿವಾಲಯಕ್ಕೆ ಫೋನು ಮಾಡಿದರು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ, ಇವರ “ಜೀ... ಜೀ, ಬಿಲ್‌ಕುಲ್...” ಮಾತ್ರ ಕೇಳಿಸಿತು. ಫೋನಿಟ್ಟು ಕನ್ನಡಕ ತೆಗೆದರು. ಸಹಿಯಾದ ವರದಿ ಕೈಯಲ್ಲಿದೆ, ಕಾರಣವಿಲ್ಲದೆ ಸಭೆ ಮುಂದಕ್ಕೆ ಹಾಕಲಾಗದು, ಗೇಟು ತೆಗೆಯುವ ಆಳುಗಳು ಆಗಲೇ ಅಲ್ಲಿದ್ದಾರೆ, ಅನುಮತಿ ಸಿಕ್ಕ ತಕ್ಷಣ ತೆಗೆಯುತ್ತಾರೆ. ಮರುಪರೀಕ್ಷೆ ಬೇಕಾದರೆ ಆಮೇಲೆ ಮಾಡಿಕೊಳ್ಳಿ ಎಂದರಂತೆ.

“ಒಂದ್ಸಲ ತೆಗೆದ ಗೇಟನ್ನ ಮತ್ತೆ ಹಾಕ್ಸೋದು ಅಂದ್ರೆ ನಿಂಗೆ ಗೊತ್ತಲ್ಲ,” ಎಂದರು.

ಗೊತ್ತಿತ್ತು. ನಾಲ್ಕು ತಿಂಗಳೆಂದರೆ ನಾಲ್ಕು ವರ್ಷ. ಕಾರಣ ಬರೆದುಕೊಟ್ಟರೆ ಮಾತ್ರ ನಿಲ್ಲುತ್ತದೆ, ಮತ್ತು ಕಾರಣ ಎಂದರೆ ನಾನು.

“ಬರೆದ್ರೆ ಮೆಮೋ ಬರತ್ತೆ. ವಿಚಾರಣೆ ಆಗತ್ತೆ. ಬಡ್ತಿ ಮರೆತುಬಿಡು. ನಮ್ಮ ಕಡೆ ಹೆಣ್ಣುಮಗಳು ಅಂತ ಹೇಳ್ತಿದೀನಿ, ಬೇರೆಯವರಾಗಿದ್ರೆ ಇಷ್ಟೂ ಹೇಳ್ತಿರಲಿಲ್ಲ.” ಅವರು ಬೆದರಿಸುತ್ತಿರಲಿಲ್ಲ. ಅವರೇ ಹೆದರಿದ್ದರು, ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ನನ್ನ ಮೇಜಿಗೆ ಬಂದು ಒಂದು ಗಂಟೆ ಕೂತೆ. ಧೈರ್ಯ ಬಂತು ಎಂದುಕೊಳ್ಳಬೇಡಿ, ಬರಲಿಲ್ಲ. ಎರಡು ಹೆದರಿಕೆಗಳನ್ನು ಪಕ್ಕಪಕ್ಕ ಇಟ್ಟು ತೂಗಿದೆ, ಅಷ್ಟೇ. ಮೆಮೋದ ಹೆದರಿಕೆಗೆ ಒಂದು ಕೊನೆಯಿತ್ತು. ಬೇವಿನ ಮರದ ಕೆಳಗೆ ಕ್ಯಾನು ತುಂಬುವುದನ್ನು ದಿನವೂ ಬಾಲ್ಕನಿಯಿಂದ ನೋಡುವ ಹೆದರಿಕೆಗೆ ಕೊನೆಯಿರಲಿಲ್ಲ. ಫೈಲು ತೆಗೆದು ನನ್ನ ಕೈಯಲ್ಲೇ ಬರೆದೆ: ಕೆಳಗಿನ ಜಾಗದ ಬಿಒಡಿ ಫಲಿತಾಂಶ ಅಮಾನ್ಯ. ಮಾದರಿ ತುಂಬುವಾಗ ಮುಚ್ಚಳಗಳು ಅದಲುಬದಲಾಗಿವೆ. ಅದಲುಬದಲು ಮಾಡಿದವಳು ನಾನು.

ಮೂರು ಗಂಟೆಗೆ ಸಭೆ. ದೊಡ್ಡ ಮೇಜಿನ ಸುತ್ತ ದೊಡ್ಡವರು, ಗೋಡೆಗಂಟಿದ ಕುರ್ಚಿಗಳಲ್ಲಿ ನನ್ನಂಥವರು. ನಿರ್ದೇಶಕರು ನನ್ನ ಕಡೆ ನೋಡದೆಯೇ ಫೈಲನ್ನು ಸಭೆಯ ಅಧ್ಯಕ್ಷರ ಮುಂದಿಟ್ಟರು. ಅವರು ಓದಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ಎದ್ದು ನಿಂತೆ.

ಘಟಕದ ಅಧಿಕಾರಿ ನಕ್ಕು ಹಿಂದಿಯಲ್ಲಿ, “ಒಂದು ಮುಚ್ಚಳಕ್ಕೋಸ್ಕರ ಇಡೀ ಯೋಜನೆ ನಿಲ್ಲಿಸ್ತೀರಾ?” ಎಂದರು. ಇಬ್ಬರು ಮೂವರು ನಕ್ಕರು.

“ಸರ್, ತಟ್ಟೆಯಲ್ಲಿ ಕೆಂಪು ಹುಳು ಬಿಟ್ಟು ಬೇರೇನೂ ಇರಲಿಲ್ಲ,” ಎಂದೆ. ಹಿಂದಿ ತೊದಲಿತು. “ಗೇಟು ಹಾಕಿದ್ದರೆ ಅವು ಬರೋದಿಲ್ಲ. ಬಿಒಡಿ ಎಷ್ಟು ಅಂತ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಶುಕ್ರವಾರ ಸಹಿ ಹಾಕಿದ್ದೆ, ಅದು ತಪ್ಪು.”

ನಗು ನಿಂತಿತು. ಅಧ್ಯಕ್ಷರು ತೀರ್ಮಾನ ಹತ್ತು ದಿನ ಮುಂದಕ್ಕೆ ಹಾಕಿದರು. ಗೇಟಿಗೆ ಸೀಲು, ಬೇರೆ ತಂಡದಿಂದ ಹೊಸ ಮಾದರಿ, ನಾನು ದಂಡೆಗೂ ಹೋಗುವಂತಿಲ್ಲ, ಲ್ಯಾಬಿಗೂ ಹೋಗುವಂತಿಲ್ಲ. ಹೊರಗೆ ಬಂದಾಗ ನಿರ್ದೇಶಕರು ಕಾರಿನಲ್ಲಿ ಜಾಗವಿದ್ದರೂ ಬಾ ಎನ್ನಲಿಲ್ಲ. ಮೆಟ್ರೋ ಹಿಡಿದು ಮನೆಗೆ ಹೋದೆ.

ಆ ಹತ್ತು ದಿನ ಹೇಗೆ ಕಳೆದವೋ. ಹೊಸ ಫಲಿತಾಂಶವೂ ಚೊಕ್ಕಟ ಎಂದು ಬಂದರೆ? ಹುಳುಗಳು ಬೇರೆ ಕಾರಣಕ್ಕೆ ಬಂದಿದ್ದರೆ? ಸುಮ್ಮಸುಮ್ಮನೆ ಯೋಜನೆ ನಿಲ್ಲಿಸಿದಳು ಎಂಬ ಮಾತಿಗೂ ನಾನೇ ತಲೆ ಕೊಟ್ಟ ಹಾಗಾಗುತ್ತಿತ್ತು. ನೀರು ಹೊಲಸಾಗಿರಲಿ ಎಂದು ಒಂದು ಬೆಳಿಗ್ಗೆ ದೇವರ ಮುಂದೆ ಕೈ ಮುಗಿದೆ. ಮುಗಿದ ಮೇಲೆ ನಾಚಿಕೆಯಾಯಿತು.

ಸಹಾಯಕರೇ ಫೋನು ಮಾಡಿದರು. “ಮೇಡಂಜೀ, ಬಂತು. ಬಹುತ್ ಗಂದಾ. ಮಿತಿಗಿಂತ ಎಷ್ಟೋ ಮೇಲೆ. ಗೇಟಿನ ಅಡಿಯಲ್ಲಿ ಕಲ್ಲು ಸಿಕ್ಕಿಸಿ ಮೊದಲಿಂದಲೂ ಕೊಳಚೆ ಬಿಡ್ತಾ ಇದ್ದರಂತೆ.” ಕೊನೆಗೆ, “ನೀವು ಅವತ್ತು ಹೇಳಿದ್ದು ಸರಿ ಆಯ್ತು,” ಎಂದರು. ಅನುಮತಿ ತಿರಸ್ಕಾರವಾಯಿತು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮಾರನೆಯ ದಿನ ಮೆಮೋ ಬಂತು. ಐದು ಪ್ರಶ್ನೆ. ಮೊದಲ ಮೂರಕ್ಕೆ ಉತ್ತರ ಬರೆಯುವುದು ಕಷ್ಟವಾಗಲಿಲ್ಲ. ನಾಲ್ಕನೆಯದು: ಮುಚ್ಚಳಕ್ಕೆ ಗುರುತು ಹಾಕುವ ಈ ಪದ್ಧತಿ ಎಂದಿನಿಂದ ಬಳಕೆಯಲ್ಲಿದೆ? ಐದನೆಯದು: ಈ ಅವಧಿಯಲ್ಲಿ ಬೇರೆ ಯಾವ ಮಾದರಿಯಲ್ಲಾದರೂ ಇಂಥ ಅದಲುಬದಲು ಆಗಿದೆಯೇ?

ಹದಿನಾಲ್ಕು ತಿಂಗಳು. ರಿಜಿಸ್ಟರ್ ತರಿಸಿಕೊಂಡು ಪುಟ ತಿರುವಿದೆ. ನಮ್ಮ ತಂಡ, ನಮ್ಮನ್ನು ನೋಡಿ ಕಲಿತ ತಂಡಗಳು, ಮೂರು ರಾಜ್ಯದ ಹೊಳೆಗಳು, ಕೆರೆಗಳು, ಸ್ನಾನಘಟ್ಟಗಳು. ಎಷ್ಟು ದಂಡೆಗಳಲ್ಲಿ ಯಾರ ಯಾರ ಮುಷ್ಟಿಯಲ್ಲಿ ಎರಡೆರಡು ಮುಚ್ಚಳಗಳಿದ್ದವೋ. ಅವುಗಳಲ್ಲಿ ಯಾವುದರ ನೀರೂ ಈಗ ಕೋಲ್ಡ್ ರೂಮಿನಲ್ಲಿ ಇರಲಿಲ್ಲ. ಒಪ್ಪಿಗೆಯಾದ ತಕ್ಷಣ ಸಿಂಕಿಗೆ ಸುರಿದಿದ್ದೆವು.

ನಿರ್ದೇಶಕರು ಕರೆದರು. ಈ ಸಲವೂ ಬಾಗಿಲು ಹಾಕಿದರು.

“ಐದನೇದಕ್ಕೆ ‘ಇಲ್ಲ’ ಅಂತ ಬರಿ. ನಿನ್ನ ಒಳ್ಳೇದಕ್ಕಲ್ಲ, ಇಲಾಖೆಗೆ. ಇಲ್ಲದಿದ್ರೆ ಹದಿನಾಲ್ಕು ತಿಂಗಳ ವರದಿ ಎಲ್ಲಾ ಬಿದ್ದುಹೋಗತ್ತೆ. ಎಷ್ಟು ಅನುಮತಿಗಳು ಅದರ ಮೇಲೆ ನಿಂತಿವೆ, ಗೊತ್ತಾ?”

“ಅದೇ ಸರ್ ಹೆದರಿಕೆ.”

“ಈಗ ಹೋಗಿ ತುಂಬ್ಕೊಂಡು ಬಂದ್ರೂ ಬರೋದು ಈಗಿನ ನೀರು. ಅವತ್ತಿನದು ಹರಿದುಹೋಗಿದೆ. ಸಾಬೀತು ಮಾಡೋಕೆ ನಿನ್ನಿಂದಲೂ ಆಗಲ್ಲ, ಯಾರಿಂದಲೂ ಆಗಲ್ಲ. ಆಗಿದೆ ಅಂತ ಹೇಳೋಕೂ ಆಗಲ್ಲ ತಾನೇ?”

ಆಗುತ್ತಿರಲಿಲ್ಲ. ನನ್ನ ಮೇಜಿಗೆ ಬಂದು ಐದನೆಯ ಪ್ರಶ್ನೆಯ ಮುಂದೆ ‘ಗೊತ್ತಿಲ್ಲ’ ಎಂದು ಬರೆದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸರ್ಕಾರಿ ಕಾಗದದ ಮೇಲೆ ಆ ಮಾತನ್ನು ಬರೆದದ್ದು ಅದೇ ಮೊದಲು. ಜೊತೆಗೆ ಒಂದು ಪಟ್ಟಿ ಲಗತ್ತಿಸಬೇಕಾಗಿತ್ತು, ಆ ಹದಿನಾಲ್ಕು ತಿಂಗಳಲ್ಲಿ ‘ಮಿತಿಯೊಳಗಿದೆ’ ಎಂದು ನಾವು ಹೇಳಿದ ಜಾಗಗಳದ್ದು. ರಿಜಿಸ್ಟರ್ ನೋಡಿ ಒಂದೊಂದೇ ಊರಿನ ಹೆಸರು ಬರೆಯತೊಡಗಿದೆ. ಮೊದಲ ಪುಟ ತುಂಬಿತು, ಎರಡನೆಯದು ತುಂಬಿತು. ಆ ಊರುಗಳಲ್ಲೆಲ್ಲ ಜನ ನನ್ನ ಸಹಿಯನ್ನು ನಂಬಿ ಕೊಡ ತುಂಬಿಕೊಂಡು ಹೋಗುತ್ತಿದ್ದರು.